ಮೊಯ್ದು ಕಾಕ ಮತ್ತು ಎಡಕ್ಕೆ ಓಡುವ ಗುಂಡು

ಮೊಯ್ದು ಕಾಕನ ರಿಪೇರಿ ಅಂಗಡಿಗೆ ಕೋವಿ ಹೊತ್ತುಕೊಂಡು ಹೋದವರಿಗೆ ಮೊದಲು ಎದುರಾಗುತ್ತಿದ್ದದ್ದು ಒಂದು ಕಾಫಿ ಬೀಜ. "ಗುಂಡು ಗುರಿಗೆ ಬೀಳ್ತಿಲ್ಲ ಕಾಕ" ಎಂದು ನೀವು ಕಥೆ ಶುರುಮಾಡಿದರೆ ಅವರು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಕೋವಿ ಖಾಲಿಯಿದೆಯೇ ಎಂದು ಎರಡೆರಡು ಸಲ ನೋಡಿ, ಅದನ್ನು ನಿಮ್ಮ ಕೈಗೇ ವಾಪಸು ಕೊಟ್ಟು, ಎದುರು ಗೋಡೆಯ ಮಸಿಚುಕ್ಕೆಗೆ ಗುರಿ ಹಿಡಿಯಲು ಹೇಳುತ್ತಿದ್ದರು. ಆಮೇಲೆ ನಳಿಗೆಯ ತುದಿಯಲ್ಲಿ ಕಾಫಿ ಬೀಜವೊಂದನ್ನು ಮೆಲ್ಲಗೆ ಮಗುಚಿಟ್ಟು, "ಈಗ ಟ್ರಿಗರ್ ಎಳೀರಿ" ಎನ್ನುತ್ತಿದ್ದರು. ಟಕ್ ಎಂದಾಗ ಬೀಜ ಅಲ್ಲೇ ಕೂತಿದ್ದರೆ ಕೋವಿಯನ್ನು ಒಳಗೆ ತೆಗೆದುಕೊಳ್ಳುವರು. ಬಿದ್ದರೆ, "ಕೋವಿ ಸೌಖ್ಯವಾಗೇ ಉಂಟು. ನಿಮ್ಮನ್ನ ನೋಡ್ಬೇಕು" ಎಂದು ನಗುವರು.

ನಾನು ಆಗ ಅಮ್ಮತ್ತಿಯ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದೆ. ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ. ನಮ್ಮ ಮ್ಯಾನೇಜರಿಗೆ ತಾನು ಮಹಾ ಬೇಟೆಗಾರನೆಂಬ ನಂಬಿಕೆಯಿತ್ತು. ಅದಕ್ಕೆ ಹಂದಿಗಳ ಒಪ್ಪಿಗೆ ಮಾತ್ರ ಇರಲಿಲ್ಲ. ಒಂದು ದಿನ ಅವರು ನನ್ನನ್ನೂ ಕರೆದುಕೊಂಡು ವಿರಾಜಪೇಟೆಗೆ ಹೋಗಿ ಕಾಕನೆದುರು ರೈಫಲ್ ಇಳಿಸಿದರು. ನಾಲ್ಕು ಸಲ ಟ್ರಿಗರ್ ಎಳೆದರು, ನಾಲ್ಕು ಸಲವೂ ಬೀಜ ಉರುಳಿತು. ನಾಲ್ಕನೆಯ ಸಲವಂತೂ ಅದು ಕಾಕನ ಚಹಾದ ಲೋಟಕ್ಕೇ ಬಿತ್ತು. ಕಾಕ ಅದನ್ನು ಎತ್ತಿ, ಒರೆಸಿ, ಕಾಗದದಲ್ಲಿ ಪೊಟ್ಟಣ ಕಟ್ಟಿ ಮ್ಯಾನೇಜರ ಕೈಯಲ್ಲಿಟ್ಟರು. "ಬೆಳಿಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ. ಪಥ್ಯ ಎಂತದೂ ಇಲ್ಲ." ನಾನು ನಗು ತಡೆಯಲು ತುಟಿ ಕಚ್ಚಿ ಹಿಡಿದದ್ದರಿಂದ ಅಮ್ಮತ್ತಿ ಮುಟ್ಟುವವರೆಗೂ ತುಟಿ ಉರಿಯುತ್ತಿತ್ತು.

ಕಾಕನಿಗೆ ಆಗಲೇ ಅರವತ್ತು ದಾಟಿತ್ತು. ಸಣಕಲು ಆಳು. ತಲೆಗೊಂದು ಬಿಳಿ ಟೋಪಿ, ಮಂಡಿಯವರೆಗೆ ಎತ್ತಿ ಕಟ್ಟಿದ ಮುಂಡು, ಎಣ್ಣೆಯ ಕಲೆಯಿಲ್ಲದ ಜಾಗವೇ ಇಲ್ಲದ ಬನಿಯನ್ನು. ಮೊದಲ ಮಹಾಯುದ್ಧದ ಕಾಲದಲ್ಲಿ ಪಟಾಲಮ್ಮಿನ ಕೋವಿ ರಿಪೇರಿಯ ಶೆಡ್ಡಿನಲ್ಲಿ ಕೆಲಸ ಕಲಿತವರು. ಮನೆಮಾತು ಮಲಯಾಳ, ಕನ್ನಡವನ್ನು ತಮಗೆ ಬೇಕಾದ ಹಾಗೆ ಬಗ್ಗಿಸಿ ಆಡುತ್ತಿದ್ದರು. ಅವರಿಗೆ ಒಂದೇ ಒಂದು ಹಟವಿತ್ತು: ಕೋವಿಯ ವಿಷಯದಲ್ಲಿ ಸುಳ್ಳು ಹೇಳಬಾರದು. ಉಳಿದ ವಿಷಯಗಳಲ್ಲಿ, ಅದರಲ್ಲೂ ಬರ್ಮಾದ ಕಾಡಿನಲ್ಲಿ ತಾವು ಕಂಡ ಹೆಬ್ಬಾವಿನ ಉದ್ದದ ವಿಷಯದಲ್ಲಿ, ಅಂಥ ಕಟ್ಟುನಿಟ್ಟೇನೂ ಇರಲಿಲ್ಲ.

ನಮ್ಮ ದೊಡ್ಡಪ್ಪನನ್ನು ನಾನು ಅವರ ಬಳಿಗೆ ಕರೆದುಕೊಂಡು ಹೋದದ್ದು ಆ ಹಟವನ್ನು ನಂಬಿಯೇ. ದೊಡ್ಡಪ್ಪ ನಮ್ಮೂರ ಬೇಟೆಗೆ ಮುಂದಾಳು. ಯಾರು ಎಲ್ಲಿ ನಿಲ್ಲಬೇಕು, ಯಾರು ಮೊದಲು ಹೊಡೆಯಬೇಕು ಎಂಬುದೆಲ್ಲ ಅವರು ಹೇಳಿದಂತೆ. ಊರು ಬಿಟ್ಟು ಹೋದ ಒಬ್ಬ ಬಿಳಿ ದೊರೆಯಿಂದ ಅವರು ಕೊಂಡ ಬೋಲ್ಟ್ ರೈಫಲ್ ಮೊದಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ಎರಡು ವರ್ಷ ಕೈಲ್ ಮುಹೂರ್ತದ ಹಬ್ಬದಲ್ಲಿ, ಕೋವಿ ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ, ಅವರು ಸೋತರು. ಮೊದಲ ಗುಂಡು ಕಾಯಿಯ ಪಕ್ಕಕ್ಕೆ, ಎರಡನೆಯದು ಇನ್ನೂ ಎಡಕ್ಕೆ, ಮೂರನೆಯದು ಎಲ್ಲಿಗೆ ಹೋಯಿತೆಂದು ಯಾರೂ ಹುಡುಕಲಿಲ್ಲ. ಜನ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. "ಕಣ್ಣು ಹೋಯ್ತು ಮಗಾ. ಇನ್ನು ಮುಂದಾಳು ಬೇರೆ ಯಾರಾದ್ರೂ ಆಗ್ಲಿ" ಎಂದು ದೊಡ್ಡಪ್ಪ ರೈಫಲನ್ನು ಮೂಲೆಗಿಟ್ಟರು. ಅಂಥ ಮನುಷ್ಯ ಜಗಲಿಯಲ್ಲಿ ಸುಮ್ಮನೆ ಕೂತಿರುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಮುಂದಿನ ಕೈಲ್ ಮುಹೂರ್ತಕ್ಕೆ ಹತ್ತು ದಿನವಿರುವಾಗ ಅವರನ್ನು ಹೇಗೋ ಒಪ್ಪಿಸಿ ಬಸ್ಸು ಹತ್ತಿಸಿದೆ. ದೊಡ್ಡಪ್ಪ ಟ್ರಿಗರ್ ಎಳೆದಾಗ ನಳಿಗೆಯ ಮೇಲಿನ ಬೀಜ ಅಲುಗಲಿಲ್ಲ. ಕಾಕ ಕೇಳಿದ್ದು ಒಂದೇ ಪ್ರಶ್ನೆ. "ಗೌಡ್ರೆ, ತಪ್ಪಿದ ಗುಂಡು ದಿಕ್ಕಿಗೊಂದು ಹೋಗ್ತದಾ, ಒಂದೇ ಕಡೆ ಹೋಗ್ತದಾ?"

"ಎಡಕ್ಕೇ. ಹೊಡೆದ ಹಾಗೆ ಇನ್ನೂ ಎಡಕ್ಕೆ."

ಕಾಕನ ಮುಖ ಅರಳಿತು. "ಕಣ್ಣು ಹೋದವನ ಗುಂಡು ಅಷ್ಟು ಶಿಸ್ತಲ್ಲಿ ತಪ್ಪುದಿಲ್ಲ. ಕೂತ್ಕೊಳ್ಳಿ."

ಆಮೇಲೆ ಶುರುವಾಯಿತು ಅವರ ತನಿಖೆ. ಅಡಿಯ ಸ್ಕ್ರೂಗಳನ್ನು ತಿರುಗಿಸಿ ನೋಡಿದರು, ಬಿಗಿಯಾಗಿದ್ದವು. ಗುರಿ ನೋಡುವ ಕಬ್ಬಿಣವನ್ನು ಅಲ್ಲಾಡಿಸಿದರು, ಅದು ಅಲ್ಲಾಡಲಿಲ್ಲ. ನಳಿಗೆಯ ಬಾಯಿಯ ಸುತ್ತ ಹತ್ತಿಯ ಎಳೆಯನ್ನು ಸವರಿದರು. ಅಲ್ಲಿ ಒಂದು ಕಚ್ಚು ಇದ್ದರೂ ಎಳೆ ಸಿಕ್ಕಿಕೊಳ್ಳುತ್ತದಂತೆ, ಸಿಕ್ಕಿಕೊಳ್ಳಲಿಲ್ಲ. ಒಂದೊಂದು ಸರಿಯಿದೆ ಎಂದಾಗಲೂ ದೊಡ್ಡಪ್ಪನ ಮುಖ ಸಣ್ಣದಾಗುತ್ತಿತ್ತು. ರೈಫಲಿನ ತಪ್ಪೆಲ್ಲ ಮುಗಿದರೆ ಉಳಿಯುವುದು ತಮ್ಮ ತಪ್ಪು ತಾನೇ?

ಕೊನೆಗೆ ಕಾಕ ಹಳೆಯ ಪೇಪರಿನಿಂದ ಒಂದು ಪಟ್ಟಿ ಹರಿದು, ನಳಿಗೆಗೂ ಕೆಳಗಿನ ಮರಕ್ಕೂ ನಡುವೆ ತೂರಿಸಿ ಹಿಂದಕ್ಕೆ ಎಳೆಯುತ್ತ ಬಂದರು. ಅರ್ಧ ದಾರಿಯಲ್ಲಿ ಕಾಗದ ನಿಂತಿತು. "ಪಡಚ್ಚೋನೆ, ಸಿಕ್ತು!" ಎಂದು ಮಲಯಾಳದಲ್ಲಿ ದೇವರನ್ನು ಕರೆದು, ಸ್ಕ್ರೂ ಬಿಚ್ಚಿ ನಳಿಗೆಯನ್ನು ಮರದಿಂದ ಎತ್ತಿದರು. ಒಳಗೆ ಬಲಬದಿಯ ಉದ್ದಕ್ಕೂ ಕಲ್ಲಿನಂತೆ ಗಟ್ಟಿಯಾದ, ಬೂದುಬಣ್ಣದ ಏನೋ ಅಂಟಿಕೊಂಡಿತ್ತು. ಕಾಕ ಉಗುರಿನಿಂದ ಕೆರೆದು ಮೂಸಿದರು, ನನಗೂ ಮೂಸಲು ಕೊಟ್ಟರು. ಶ್ರೀಗಂಧ!

ನನಗೂ ದೊಡ್ಡಪ್ಪನಿಗೂ ಒಟ್ಟಿಗೇ ಹೊಳೆಯಿತು. ಅಜ್ಜಿ! ದೊಡ್ಡಪ್ಪನ ತಾಯಿ, ಎಂಬತ್ತು ದಾಟಿದ ಜೀವ. ಕೈಲ್ ಮುಹೂರ್ತದಂದು ಮಾತ್ರವಲ್ಲ, ಮಗ ಬೇಟೆಗೆ ಹೊರಟಾಗಲೆಲ್ಲ ದೇವರ ಕೋಣೆಯ ಗೋಡೆಗೆ ಒರಗಿಸಿದ ಕೋವಿಗೆ ಗಂಧ ಹಚ್ಚಿಯೇ ಕಳಿಸುತ್ತಿದ್ದರು. ಅವರು ಹಚ್ಚುವುದು ಬೊಟ್ಟಲ್ಲ, ಸಾರಣೆ. ಹಚ್ಚುತ್ತಿದ್ದದ್ದು ಕೈಗೆ ಸಿಗುವ ಬಲಬದಿಗೆ. ಅದು ವರ್ಷವರ್ಷವೂ ಸಂದಿಗಿಳಿದು, ಎಣ್ಣೆ ಕುಡಿದು, ಒಣಗಿ ಕೂತಿತ್ತು.

"ನಳಿಗೆಗೆ ಉಸಿರಾಡ್ಲಿಕ್ಕೆ ಜಾಗ ಬೇಕು. ಗುಂಡು ಹೊಡೆದಾಗ ಬಿಸಿಯಾಗಿ ಒಂಚೂರು ಹಿಗ್ಗುತ್ತೆ. ಬಲಗಡೆ ಜಾಗ ಇಲ್ಲ, ಎಡಕ್ಕೆ ತಳ್ತದೆ. ಅಷ್ಟೇ" ಎಂದ ಕಾಕ ಒಂದು ಗಂಟೆ ಕೂತು ಗಂಧವನ್ನೆಲ್ಲ ಕೆರೆದು ತೆಗೆದರು. ತೆಗೆದ ಪುಡಿಯನ್ನು ಬಿಸಾಡದೆ ಒಂದು ಎಲೆಯ ಮೇಲೆ ಕೂಡಿಟ್ಟರು. "ಯಾರೋ ಪ್ರೀತಿಯಲ್ಲಿ ಹಾಕಿದ್ದು. ಕಾಲಡಿಗೆ ಬೀಳ್ಬಾರದು."

ದೊಡ್ಡಪ್ಪ ಹತ್ತು ವರ್ಷ ಚಿಕ್ಕವರಾಗಿದ್ದರು. ಆದರೆ ಅಜ್ಜಿಗೆ ಹೇಳುವುದು ಹೇಗೆ? ಹೇಳದಿದ್ದರೆ ಕೈಲ್ ಮುಹೂರ್ತದ ದಿನ ಮತ್ತೆ ಅದೇ ಸಾರಣೆ. "ನೀವೇ ಬಂದು ಹೇಳಿ ಕಾಕ. ಮಳೆಗೆ ಮರ ಉಬ್ಬಿತ್ತು, ಅಲ್ಲಿಗೆ ನೀರು ತಾಗಿಸ್ಬಾರದು ಅಂತ ಏನಾದ್ರೂ ಹೇಳಿ" ಎಂದು ದೊಡ್ಡಪ್ಪ ಬೇಡಿಕೊಂಡರು. ಅಂಗಡಿ ಬಿಟ್ಟು ಅಲುಗದ ಕಾಕ ಮಾರನೆಯ ಭಾನುವಾರ ಟೋಪಿ ಒಗೆದು ಹಾಕಿಕೊಂಡು ಬಂದರು.

ಜಗಲಿಯಲ್ಲಿ ಅಜ್ಜಿಯೆದುರು ಕೂತು, "ಅಮ್ಮಾ, ಇನ್ಮೇಲೆ ಗಂಧವನ್ನ ಹಿಂದೆ, ಭುಜಕ್ಕೆ ತಾಗುವ ಕಡೆ ಹಚ್ಚಿ. ಆಶೀರ್ವಾದ ನೇರ ಮಗನಿಗೇ ಹೋಗ್ತದೆ" ಎಂದು ಶುರುಮಾಡಿದರು.

"ಕೋವಿಯ ಪೂಜೆ ನೀನು ಯಾವಾಗ ಕಲ್ತೆ?" ಎಂದರು ಅಜ್ಜಿ.

"ಪೂಜೆ ಗೊತ್ತಿಲ್ಲಮ್ಮ. ಕೋವಿ ಗೊತ್ತುಂಟು."

ಅಜ್ಜಿ ಅವರನ್ನೇ ನೋಡಿದರು. "ಹಾಗಾದ್ರೆ ಕೋವಿಯ ಮೇಲೆ ಆಣೆ ಇಟ್ಟು ಹೇಳು. ಗುಂಡು ತಪ್ತಾ ಇದ್ದದ್ದು ನನ್ನ ಗಂಧದಿಂದಲಾ?"

ದೊಡ್ಡಪ್ಪ ಅಜ್ಜಿಯ ಬೆನ್ನ ಹಿಂದೆ ನಿಂತು, ಬೇಡ ಬೇಡ ಎಂದು ಕೈಯಾಡಿಸಿದರು. ಕಾಕ ಟೋಪಿ ತೆಗೆದರು, ತಲೆ ಕೆರೆದುಕೊಂಡರು, ಮತ್ತೆ ಹಾಕಿಕೊಂಡರು. "ಹೌದಮ್ಮ."

ಅಜ್ಜಿ ಗಹಗಹಿಸಿ ನಕ್ಕರು. ಅಷ್ಟು ಜೋರಾಗಿ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ. "ಕಬ್ಬಿಣವನ್ನೇ ತಳ್ಳಿತಾ ನನ್ನ ಗಂಧ! ನೋಡೋ, ನಿನ್ನ ಅವ್ವನ ಕೈ ಎಂಥದ್ದು!" ಎಂದು ಮಗನ ಕಡೆ ತಿರುಗಿದವರು ಕೂಡಲೇ ಬೈಗುಳಕ್ಕಿಳಿದರು. ಎರಡು ವರ್ಷ ಮೋರೆ ಜೋಲು ಹಾಕಿಕೊಂಡು ಕೂತೆಯಲ್ಲ, ಒಂದು ಮಾತು ಕೇಳಬಾರದಿತ್ತೇ ಎಂದು. ಆ ದಿನ ಕಾಕನಿಗೆ ಅಕ್ಕಿರೊಟ್ಟಿ, ಕೋಳಿಸಾರು. ಕೈಲ್ ಮುಹೂರ್ತದಲ್ಲಿ ದೊಡ್ಡಪ್ಪನ ಎರಡನೆಯ ಗುಂಡಿಗೇ ತೆಂಗಿನಕಾಯಿ ಚೂರುಚೂರಾಯಿತು. ಆ ಚೂರುಗಳಲ್ಲಿ ಒಂದು ಕಾಕನ ಪಾಲಿಗೆ ಬಸ್ಸಿನಲ್ಲಿ ವಿರಾಜಪೇಟೆಗೆ ಹೋಯಿತು. ದೊಡ್ಡಪ್ಪ ಮತ್ತೆ ಮುಂದಾಳಾದರು.

ಕೊಡಗು ಮೈಸೂರಿಗೆ ಸೇರುವುದು ಸರಿಯೋ ತಪ್ಪೋ ಎಂದು ಹೋಟೆಲುಗಳಲ್ಲೆಲ್ಲ ಜಗಳ ನಡೆಯುತ್ತಿದ್ದ ವರ್ಷ ಗುಂಡು ಮತ್ತೆ ತಪ್ಪತೊಡಗಿತು. ದೊಡ್ಡಪ್ಪ ಈ ಸಲ ತಾವಾಗಿಯೇ ಹೊರಟರು, ಬಸ್ಸಿನಲ್ಲಿ ನಗುನಗುತ್ತಲೇ ಇದ್ದರು. ಕಾಕ ಬೆಳಗಿನಿಂದ ಮಧ್ಯಾಹ್ನದವರೆಗೆ ರೈಫಲನ್ನು ಬಿಚ್ಚಿ ಜೋಡಿಸಿದರು. ಕಾಗದದ ಪಟ್ಟಿ ಎಲ್ಲೂ ನಿಲ್ಲಲಿಲ್ಲ. ಊರಾಚೆಯ ಮಣ್ಣಿನ ಬರೆಗೆ, ಒಂದು ದಿಬ್ಬದ ಇಳಿಜಾರಿಗೆ, ನಮ್ಮನ್ನು ಕರೆದೊಯ್ದು, ಒಂದು ಹಲಗೆ ನಿಲ್ಲಿಸಿ, ತಾವೇ ಮಲಗಿ ಮೂರು ಗುಂಡು ಹೊಡೆದರು. ಮೂರೂ ಅಂಗೈಯಗಲದೊಳಗೆ ಬಿದ್ದದ್ದು ನನಗೆ ನಿಂತಲ್ಲಿಂದಲೇ ಕಂಡಿತು.

"ಎಲ್ಲಿಗೆ ಬಿತ್ತು ಕಾಕ?" ಎಂದರು ದೊಡ್ಡಪ್ಪ, ಕಣ್ಣು ಕಿರಿದು ಮಾಡಿ.

ಕಾಕ ಎದ್ದು ಮುಂಡಿನ ಮಣ್ಣು ಕೊಡವುತ್ತ ಬಹಳ ಹೊತ್ತು ಕಳೆದರು. "ಗೌಡ್ರೆ, ಕೋವಿಗೆ ಎಂತದೂ ಆಗಿಲ್ಲ."

ದೊಡ್ಡಪ್ಪನಿಗೆ ಅರ್ಥವಾಯಿತು. "ಒಂದು ಸುಳ್ಳು ಹೇಳ್ಬಹುದಿತ್ತು ನೀವು."

"ಹೇಳಿದ್ರೆ ನಾಳೆ ಹಂದಿ ಅಂತ ಮನುಷ್ಯನಿಗೆ ಹೊಡೀತೀರಿ. ಆಗ ನಾನೇ ಹೊಡೆದ ಹಾಗೆ."

ದೊಡ್ಡಪ್ಪ ರೈಫಲನ್ನು ನನ್ನ ಕೈಗೆ ಕೊಟ್ಟರು. ಇಬ್ಬರೂ ಮುದುಕರು ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟುಕೊಂಡು ಬರೆ ಇಳಿದರು. ಹೋಟೆಲಿನಲ್ಲಿ ಚಹಾ ಕುಡಿಯುತ್ತ ಮತ್ತೆ ಹೆಬ್ಬಾವಿನ ಕಥೆಗೆ ಬಂದರು. ನಾನು ಕಾಕನನ್ನು ನೋಡಿದ್ದು ಅದೇ ಕೊನೆ. ಆ ಮಳೆಗಾಲ ಅವರು ಮಗಳ ಮನೆಗೆಂದು ಕಣ್ಣೂರಿಗೆ ಹೋದರು.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಆ ಕಡೆಯ ಬಸ್ಸಿನ ಕಂಡಕ್ಟರು ಸುದ್ದಿ ತಂದ. ಕೇಳಿದ ದೊಡ್ಡಪ್ಪ ಒಳಗೆ ಹೋಗಿ ರೈಫಲ್ ತಂದರು, ಅಂಗಳಕ್ಕಿಳಿದು ಆಕಾಶಕ್ಕೆ ಎರಡು ಗುಂಡು ಹಾರಿಸಿದರು. ಮನೆಯಲ್ಲಿ ಸಾವಾದರೆ ಊರಿಗೆ ತಿಳಿಸಲು ನಮ್ಮಲ್ಲಿ ಹಾಗೆ ಹಾರಿಸುವುದು. ತೋಟದಲ್ಲಿದ್ದವರು, ಪಕ್ಕದ ಮನೆಯವರು ಬೇಲಿ ದಾಟಿ ಓಡಿಬಂದರು. "ಯಾರು? ಅಜ್ಜಿಯಾ?"

"ನಾನಿನ್ನೂ ಇದ್ದೇನೆ" ಎಂದರು ಅಜ್ಜಿ ಜಗಲಿಯಿಂದ.

"ವಿರಾಜಪೇಟೆಯ ಮೊಯ್ದು ಕಾಕ" ಎಂದರು ದೊಡ್ಡಪ್ಪ.

ಬಂದವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಪಕ್ಕದ ಮನೆಯ ಹಿರಿಯರು ತಲೆವಸ್ತ್ರ ಬಿಚ್ಚಿ, ಸಾವಿನ ಮನೆಯಲ್ಲಿ ಕೂರುವ ಹಾಗೆ, ಜಗಲಿಯ ಅಂಚಿನಲ್ಲಿ ಮೆಲ್ಲಗೆ ಕೂತರು.