ಮರಗಟ್ಟಿದ ಕೈ ಸುಲಿದ ಕಾಯಿ

ನಾನು ಓದು ಬಿಟ್ಟದ್ದು ೧೯೯೬ರಲ್ಲಿ, ಏಳನೇ ಕ್ಲಾಸು ಮುಗಿಯುವ ಮೊದಲೇ. ಅಂದಿನಿಂದ ಗುಬ್ಬಿಯ ಸುತ್ತಮುತ್ತ ತೆಂಗಿನಕಾಯಿ ಸುಲಿದೇ ಬದುಕಿದವನು. ದೆವ್ವ, ಗಾಳಿ ಎಂದು ಯಾರಾದರೂ ಶುರು ಮಾಡಿದರೆ ಕೆಲಸವಿಲ್ಲದವರ ಮಾತು ಎಂದು ಎದ್ದು ಹೋಗುತ್ತಿದ್ದೆ. ನೀವೂ ಇದನ್ನು ನಂಬಲೇಬೇಕೆಂದಿಲ್ಲ.

ನೆಲಕ್ಕೆ ನೆಟ್ಟ ಸಲಾಕೆಗೆ ಕಾಯಿ ಹೊಡೆದು, ಕೈ ತಿರುಚಿ ಸಿಪ್ಪೆ ಬಿಡಿಸಬೇಕು. ಕೊನೆಯ ಎಳೆತವನ್ನು ನಾನು ಎಡಕ್ಕೆ ಕೊಡುತ್ತೇನೆ. ಹಾಗಾಗಿ ಕಾಯಿಯ ಜುಟ್ಟು ಬಾಚಿದಂತೆ ಒಂದೇ ಕಡೆ ಮಲಗುತ್ತದೆ. ತುಮಕೂರಿನ ಮಂಡಿಯಲ್ಲಿ ಜುಟ್ಟು ನೋಡಿಯೇ “ಇದು ನಿನ್ ಕೈದೇ ಬುಡಪ್ಪ” ಎನ್ನುತ್ತಾರೆ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮೂರು ವರ್ಷದ ಹಿಂದೆ ಕುಣಿಗಲ್ ಕಡೆಯ ತೋಟವೊಂದರಲ್ಲಿ ಟೆಂಪೋದಿಂದ ಮೂಟೆ ಜಾರಿತು. ಬಲಗೈ ಕೊಟ್ಟು ತಡೆದೆ. ಮೊಳಕೈಯಲ್ಲಿ ‘ಟಪ್’ ಅಂದಿತು. ತೋಳಿನ ಮಾಂಸ ಉಂಡೆ ಕಟ್ಟಿ ಮೇಲಕ್ಕೆ ಓಡಿತು. ಸ್ನಾಯುವನ್ನು ಮೂಳೆಗೆ ಬಿಗಿದ ಹುರಿ ಕಿತ್ತುಹೋಗಿದೆ, ಬೇಗ ಆಪರೇಷನ್ ಆಗದಿದ್ದರೆ ಕೈ ತಿರುಚುವ ಬಲ ಹೋಗುತ್ತದೆ ಎಂದರು ತುಮಕೂರಿನ ಡಾಕ್ಟರು. ಆ ಬಲವೇ ಅಲ್ಲವೇ ನನ್ನ ಅನ್ನ!

ಆಪರೇಷನ್ ನಡೆದದ್ದು ಮಟಮಟ ಮಧ್ಯಾಹ್ನ. ಕತ್ತಿನ ಬಳಿ ಸೂಜಿ ಚುಚ್ಚಿ ಕೈಯೊಂದನ್ನೇ ಮರಗಟ್ಟಿಸಿದ್ದರು. ನನಗೆ ಎಚ್ಚರವಿತ್ತು. ಆಗ ಆ ಸತ್ತ ಕೈ ಕಾಯಿ ಸುಲಿಯತೊಡಗಿತು. ಸಿಪ್ಪೆ ಬಿರಿಯುವ ಜಗ್ಗು ಭುಜಕ್ಕೆ ಬಡಿಯುತ್ತಿತ್ತು.

“ಸಿಸ್ಟರ್, ಕೈ ಹಿಡ್ಕೊಳ್ಳಿ, ಸುಮ್ಕಿರ್ತಿಲ್ಲ.”

“ನಿಮ್ ಕೈ ಅಲ್ಲಾಡೇ ಇಲ್ಲ ಯಜಮಾನ್ರೇ, ಸುಮ್ನೆ ಮಲಕ್ಕಳಿ” ಎಂದು ಆಕೆ ನಕ್ಕಳು.

ಸಂಜೆ ತೋಟದಿಂದ ನನ್ನ ಜೊತೆಗಾರ ರಂಗ ಫೋನ್ ಮಾಡಿದ. “ಅಣ್ಣೋ, ಮಧ್ಯಾಹ್ನ ಉಂಡು ಬರೋಷ್ಟ್ರಲ್ಲಿ ಯಾವನೋ ಒಂದ್ ಗುಡ್ಡೆ ಕಾಯಿ ಸುಲಿದು ಹೋಗವ್ನೆ. ಜುಟ್ಟೆಲ್ಲಾ ನಿನ್ ಥರಾನೇ ಮಲಗವೆ!”

“ಕುಡಿದಿದೀಯೇನ್ಲಾ?”

“ನಿನ್ ಕೈಯಾಣೆ ಕಣಣ್ಣ!”

“ಈಗ್ತಾನೆ ಹೊಲಿಗೆ ಹಾಕವ್ರೆ, ಅದ್ರ ಮೇಲೆ ಆಣೆ ಇಡ್ಬೇಡ ಕಣೋ.”

ಮರುದಿನ ಎರಡು ಕಾಯಿ ತಂದು ತೋರಿಸಿದ. ಎಳೆತ ನನ್ನದೇ. ಮರಗಟ್ಟಿದ ಕೈಗೆ ಹಾಗೆಲ್ಲ ಅನಿಸುವುದುಂಟು ಎಂದರು ಡಾಕ್ಟರು. ಅದನ್ನು ಒಪ್ಪುತ್ತೇನೆ. ಆದರೆ ಕಾಯಿ? ನನಗೆ ಧೈರ್ಯ ತುಂಬಲು ರಂಗನೇ ಸುಲಿದನೇನೋ ಎಂದು ಆಮೇಲೆ ಅವನಿಂದ ಹಾಗೇ ಸುಲಿಸಿ ನೋಡಿದೆ. ಜುಟ್ಟು ಗುಬ್ಬಚ್ಚಿ ಗೂಡಿನಂತೆ ಕೆದರಿಕೊಂಡಿತು.

ಕೈಪಟ್ಟಿ ಬಿಚ್ಚಿದ ಮೇಲೆ ನೀರಿನ ಲೋಟವೂ ನಡುಗುತ್ತಿತ್ತು. “ಮೂಟೆ ಎತ್ತೋ ಗಂಡು ಲೋಟಕ್ಕೆ ಸೋತ್ಬುಟ್ರಲ್ಲ!” ಎಂದು ಹೆಂಡತಿ ಕೆಣಕುತ್ತಿದ್ದಳು. ಛಲ ಬಂತು. ಹೇಳಿಕೊಟ್ಟ ವ್ಯಾಯಾಮ ಒಂದು ದಿನವೂ ತಪ್ಪಿಸಲಿಲ್ಲ. ತಿಂಗಳುಗಳ ಮೇಲೆ ಮೊದಲ ಕಾಯಿ ಸುಲಿದಾಗ ರಂಗ ಶಿಳ್ಳೆ ಹೊಡೆದ.

ಆ ಗುಡ್ಡೆಯನ್ನು ಸುಲಿದವರು ಯಾರೆಂದು ಇಂದಿಗೂ ತಿಳಿಯದು. ಈಗ ನನಗೆ ಸ್ವಂತ ಟೆಂಪೋ ಒಂದಿದೆ, ಕೈಕೆಳಗೆ ಸುಲಿಯುವವರು ನಾಲ್ವರಿದ್ದಾರೆ, ಮೂಟೆ ಎತ್ತಲು ನನ್ನವೇ ಎರಡು ಕೈ ಇವೆ.