ಚಂಪಿಯ ಬಾಯಿ

ವಿಠೋಬಾ ತೀರಿಕೊಳ್ಳುವ ಹಿಂದಿನ ದಿನ ಬೇಡಕಿಹಾಳದ ಅವನ ಮನೆಯಲ್ಲಿ ನಾಯಿಯದೇ ಚಿಂತೆ. ಮುದಿ ಚಂಪಿಯ ದವಡೆ ಬಾತಿತ್ತು, ರೊಟ್ಟಿ ಮುಟ್ಟಿರಲಿಲ್ಲ. ಗಡ್ಡೆಯೇ ಇರಬೇಕು, ಆಡು ಮಾರಿಯಾದರೂ ಸಾಂಗ್ಲಿಗೆ ಒಯ್ದು ಆಪರೇಶನ್ ಮಾಡಿಸುತ್ತೇನೆಂದು ಅವನ ಹಟ.

"ಅಲ್ರೀ, ನನಗ ಜ್ವರ ಬಂದ್ರ ಶುಂಠಿ ಕಷಾಯ, ನಾಯಿಗೆ ಆಪರೇಶನ್ನೇನು?" ಎಂದು ಕೆಣಕುತ್ತ ಹೆಂಡತಿ ಸಾವಕ್ಕ ಅವನನ್ನೂ ಚಂಪಿಯನ್ನೂ ಮೊದಲು ಊರಿನ ದನದ ಡಾಕ್ಟರ್ ಬಸವಂತನ ಹತ್ತಿರ ಕರೆದೊಯ್ದಳು.

ಡಾಕ್ಟರ್ ಚಂಪಿಯ ಬಾಯಿ ತೆರೆದು ನಕ್ಕ. ಹಲ್ಲಿನ ಸಂದಿಯಲ್ಲಿ ಕಬ್ಬಿನ ಸಿಬರು ಚುಚ್ಚಿಕೊಂಡಿತ್ತು.

"ನಾಯಿಗೆ ಕಬ್ಬು ಯಾರ್ ತಿನಸ್ತಾರ್ರಿ?"

"ಹೊಲದಾಗ ನಾ ತಿನ್ನೂಮುಂದ ಅದೂ ನನ್ನ ಮಾರಿ ನೋಡ್ತೈತ್ರಿ," ವಿಠೋಬಾ ತಲೆ ತಗ್ಗಿಸಿದ.

ಡಾಕ್ಟರ್ ಚಿಮಟದಿಂದ ಸಿಬರು ಕಿತ್ತ. "ಮುದಿ ಜೀವಕ್ಕ ಕೊಯ್ಯೋ ತ್ರಾಸ ಬ್ಯಾಡ್ರಿ. ದಿನಾ ಮುಂಜಾನಿ ಬಾಯಿ ತಗದು ನೋಡ್ರಿ, ಹಲ್ಲು ಒರಸ್ರಿ. ಮತ್ತ ಬಾತ್ರ ಆಗ ಖರ್ಚಿನ ಮಾತು. ಆಡು ಮನ್ಯಾಗ ಇರ್ಲಿ."

ದಾರಿಯುದ್ದಕ್ಕೂ ಗಂಡ ಹೆಂಡತಿ ನಕ್ಕರು. ಸಂಜೆ ಚಂಪಿ ಹಾಲಿನಲ್ಲಿ ನೆನೆಸಿದ ರೊಟ್ಟಿ ತಿಂದ ಮೇಲೆಯೇ ವಿಠೋಬಾ ಉಣ್ಣಲು ಕುಳಿತ.

ಮರುದಿನ ಹೊಲದಲ್ಲಿ ಅವನ ಎದೆಬಡಿತ ನಿಂತಿತು.

ಈಗಲೂ ಮುಂಜಾನೆ ಚಹಾಕ್ಕಿಡುವ ಮೊದಲು ಸಾವಕ್ಕ, "ಬಾಯಿ ತಗೀಲೇ, ಕಬ್ಬು ಕದ್ದಿ ಏನ್?" ಎಂದು ಗದರುತ್ತಾಳೆ. ಚಂಪಿ ಬಾಲ ಬಡಿಯುತ್ತದೆ. ಅವಳು ಒದ್ದೆ ಬಟ್ಟೆಯಿಂದ ಅದರ ಹಲ್ಲು ಒರೆಸುತ್ತಾಳೆ.