ಭಾವನ ಅನಾನಸ್ ವೈದ್ಯ

ಹರಪನಹಳ್ಳಿಯಲ್ಲಿ ನನ್ನ ಅಕ್ಕನ ಗಂಡನಿಗೆ ಗೊಬ್ಬರ, ಕ್ರಿಮಿನಾಶಕದ ಅಂಗಡಿ ಇತ್ತು. ತೆಲಿಗಿ, ಅರಸೀಕೆರೆ ಕಡೆಯ ರೈತರಿಗೆ ಯಾವ ಹುಳಕ್ಕೆ ಯಾವ ಎಣ್ಣೆ ಹೊಡೆಯಬೇಕೆಂದು ದಿನವಿಡೀ ಹೇಳುತ್ತಿದ್ದ ಭಾವ, ಕ್ರಮೇಣ ಮನುಷ್ಯರ ಮೈಗೂ ತಮ್ಮ ಮಾತೇ ಔಷಧಿ ಎಂದು ನಂಬಿಬಿಟ್ಟರು. ಹತ್ತನೇ ತರಗತಿಗೆ ಎರಡು ಸಲ ಕೂತರೂ ಪಾಸಾಗದ ಮನುಷ್ಯ, ಡಾಕ್ಟರುಗಳ ಮಾತು ಬಂದರೆ ಮೂಗು ಮುರಿಯುತ್ತಿದ್ದರು.

ನಮ್ಮ ಕಡೆ ಮೊಬೈಲು ಇನ್ನೂ ಹೊಸದಾಗಿದ್ದ ವರ್ಷಗಳವು. ಅಕ್ಕನಿಗೆ ಹೃದಯದ ಕವಾಟದ ಆಪರೇಷನ್ ಆಗಿ, ರಕ್ತ ಹೆಪ್ಪುಗಟ್ಟದಂತೆ ದಿನಾ ಒಂದು ಗುಳಿಗೆ ನುಂಗುತ್ತಿದ್ದಳು. ಜೊತೆಗೆ ಮೊಣಕಾಲು ನೋವು ಶುರುವಾಯಿತು. ಅನಾನಸ್ ತಿಂದರೆ ಎಂಥ ನೋವೂ ಬಾವೂ ಇಳಿಯುತ್ತದೆ ಎಂದು ಬಸ್ಸಿನಲ್ಲಿ ಪಕ್ಕ ಕೂತಿದ್ದ ಯಾರೋ ಹೇಳಿದರಂತೆ. ಭಾವನಿಗೆ ಅಷ್ಟು ಸಾಕಾಯಿತು. ದಾವಣಗೆರೆಗೆ ಮಾಲು ತರಲು ಹೋದಾಗಲೆಲ್ಲ ಚೀಲದ ತುಂಬ ಹಣ್ಣು ತರತೊಡಗಿದರು. ಹಣ್ಣೆಂದರೆ ಹಣ್ಣಲ್ಲ, ಹಸಿರು ಕಾಯಿ. ಕಾಯಿಯಲ್ಲೇ ಕಸುವು ಜಾಸ್ತಿ ಎನ್ನುವುದು ಅವರದೇ ಸಂಶೋಧನೆ. ಬೆಳಿಗ್ಗೆ ಬರಿ ಹೊಟ್ಟೆಗೆ ಒಂದು ದೊಡ್ಡ ಲೋಟ ರಸ, ಅಕ್ಕ ಕುಡಿದು ಮುಗಿಸುವ ತನಕ ಎದುರಿಗೇ ನಿಂತಿರುತ್ತಿದ್ದರು.

ಬೇಸಿಗೆ ರಜೆಗೆ ಕೊಟ್ಟೂರಿನಿಂದ ನಾನು ಹೋದಾಗ ಅಕ್ಕನ ನಾಲಿಗೆ ಒಡೆದು ಕೆಂಪಾಗಿತ್ತು. ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಅಗಿಯದೆ ಹಾಗೇ ನುಂಗುತ್ತಿದ್ದಳು.

"ಭಾವಾರ, ಅಕ್ಕನ ಬಾಯಿ ನೋಡೀರೇನ್ರಿ?" ಎಂದೆ.

"ಉರಿದ್ರ ಔಷಧ ಕೆಲಸ ಮಾಡಾಕತ್ತೈತಿ ಅಂತ ಅರ್ಥ. ನಿನಗ ತಿಳಿಯಂಗಿಲ್ಲ ಬಿಡವಾ."

"ನೀವು ಒಂದು ಲೋಟ ಕುಡದು ನೋಡ್ರಲ್ಲ."

"ನನಗೆಲ್ಲೈತಿ ಮೊಣಕಾಲು ನೋವು? ಅಲ್ಲದ ಹುಳಿ ನನ್ನ ಹಲ್ಲಿಗೆ ಆಗಿಬರಂಗಿಲ್ಲ."

ತಮ್ಮ ಹಲ್ಲಿನ ಬಗ್ಗೆ ಎಷ್ಟು ಕಾಳಜಿ! ಅಸಹ್ಯವಾಯಿತು.

ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ ಅಕ್ಕನ ವಸಡಿನಿಂದ ರಕ್ತ ಸುರಿಯಿತು, ನಿಲ್ಲಲೇ ಇಲ್ಲ. ತೋಳಿನ ಮೇಲೆ ಅಲ್ಲಲ್ಲಿ ನೀಲಿ ಕಲೆಗಳಿದ್ದವು. "ಎಲ್ಲೂ ಬಡದಿಲ್ಲವ್ವಾ, ತಾನಾಗೇ ಆಗ್ಯಾವು," ಎಂದಳು. ಭಾವನನ್ನು ಕೇಳುವ ಗೊಡವೆಗೆ ಹೋಗದೆ ಆಸ್ಪತ್ರೆಗೆಂದು ಆಟೋ ಕರೆಸಿದೆ. ಅವರೂ ಬಂದು ಹತ್ತಿದರು, ಮನೆಯಲ್ಲೇ ಉಳಿದರೆ ಜನ ಏನೆನ್ನುತ್ತಾರೆಂಬ ಹೆದರಿಕೆಗೆ.

ಅಕ್ಕ ದಿನಾ ಅನಾನಸ್ ಕಾಯಿಯ ರಸ ಕುಡಿಯುವುದನ್ನು ಡಾಕ್ಟರಿಗೆ ಹೇಳಿದೆ. ಅವರು ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಇರಬೇಕಾದ್ದಕ್ಕಿಂತ ತೀರ ತೆಳುವಾಗಿತ್ತು. "ಅನಾನಸ್ ಒಂದರಿಂದಲೇ ಹಿಂಗಾತು ಅಂತ ಖಾತ್ರಿ ಹೇಳಾಕಾಗಲ್ಲ," ಎಂದರು. "ಹಣ್ಣು ಒಳ್ಳೇದೇ. ಸಿ ಜೀವಸತ್ವ ಐತಿ, ನಾರು ಐತಿ. ಆದ್ರ ಇವರು ತಗೊಳ್ಳೋ ಗುಳಿಗಿ ಜೋಡಿ ದಿನಾ ಅಷ್ಟು ರಸ ಕುಡದ್ರ ರಕ್ತ ಸೋರೋ ಅಪಾಯ ಹೆಚ್ಚಾಗಬಹುದು. ಕಾಯಂತೂ ಬಾಯಿ, ಹೊಟ್ಟಿ ಎರಡನ್ನೂ ಸುಡತೈತಿ. ಮೊಣಕಾಲು ನೋವಿಗೆ ಇದನ್ನ ಔಷಧ ಅಂತ ಹೇಳಿದವರ್ಯಾರು?"

ಭಾವ ಗಂಟಲು ಸರಿಮಾಡಿಕೊಂಡರು. "ನಾನೂ ಅದನ್ನೇ ಹೇಳಾಕತ್ತಿದ್ದೆ ಸರ್. ಇವಳು ಕೇಳಬೇಕಲ್ಲ."

ಅಕ್ಕ ತಿರುಗಿ ಅವರ ಮುಖವನ್ನೇ ನೋಡಿದಳು. ಇಪ್ಪತ್ತು ವರ್ಷ ಸಂಸಾರ ಮಾಡಿದವಳ ಆ ನೋಟದ ಮುಂದೆ ನನ್ನ ತಿರಸ್ಕಾರ ಏನೂ ಅಲ್ಲ. ಭಾವ ಗೋಡೆಯ ಕ್ಯಾಲೆಂಡರ್ ಓದತೊಡಗಿದರು.

ಡಾಕ್ಟರು ಗುಳಿಗೆಯ ಪ್ರಮಾಣ ಬದಲಿಸಿ, ಮೇಲಿಂದ ಮೇಲೆ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿದರು. ಹತ್ತು ಹದಿನೈದು ದಿನಕ್ಕೆ ಅಕ್ಕ ಸುಧಾರಿಸಿದಳು. ಆಮೇಲೆ ಒಮ್ಮೊಮ್ಮೆ, ಡಾಕ್ಟರನ್ನು ಕೇಳಿಕೊಂಡು, ಚೆನ್ನಾಗಿ ಮಾಗಿದ ಹಣ್ಣಿನ ಒಂದೆರಡು ಹೋಳನ್ನು ಊಟವಾದ ಮೇಲೆ ಖುಷಿಯಿಂದ ತಿನ್ನುತ್ತಿದ್ದಳು.

ಭಾವ ಸುಧಾರಿಸಲಿಲ್ಲ. ಆರು ತಿಂಗಳ ಮೇಲೆ ಪಕ್ಕದ ಮನೆಯ ಬಸುರಿಗೆ ಅದೇನೋ ಸೊಪ್ಪಿನ ರಸ ಹೇಳಲು ಬಾಯಿ ತೆರೆದಿದ್ದರು. ಅಕ್ಕ ಒಳಗಿನಿಂದಲೇ ಆ ಹುಡುಗಿಗೆ ಕೂಗಿ ಹೇಳಿದಳು: "ತಂಗೀ, ಅವರ ಮಾತು ಕೇಳಬ್ಯಾಡವಾ. ಅವರಿಗೆ ಯೂರಿಯಾದ್ದಷ್ಟೇ ಗೊತ್ತೈತಿ!"